ಕಾಞಂಗಾಡಿನ ಸ್ವಾಮಿ ರಾಮದಾಸರು (1884–1963): ನಾಮಜಪವನ್ನೇ ಧ್ಯಾನವಾಗಿಸಿಕೊಂಡ ಸಂತ

ಪೀಠಿಕೆ

ಭಾರತೀಯ ಧಾರ್ಮಿಕ ಪರಂಪರೆಯಲ್ಲಿ ಮಂತ್ರದ ಪುನರುಚ್ಚಾರಣೆಗೆ ಜಪವೆಂದು ಹೆಸರು. ಯಜ್ಞ, ಯಾಗ, ತೀರ್ಥಯಾತ್ರೆಗಳಿಗೆ ದ್ರವ್ಯ, ಸಮಯ ಹಾಗೂ ಪರಿಕರಗಳು ಅಗತ್ಯ. ಜಪಕ್ಕೆ ಇವಾವುವೂ ಬೇಕಿಲ್ಲ. ಈ ಕಾರಣದಿಂದಲೇ ದಾಸರು, ಶರಣರು, ಸಂತರು ಜನಸಾಮಾನ್ಯರಿಗೆ ನಾಮಸ್ಮರಣೆಯ ಮಾರ್ಗವನ್ನು ಬೋಧಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಈ ಮಾರ್ಗವನ್ನು ತಮ್ಮ ಜೀವನದಲ್ಲಿ ಸಂಪೂರ್ಣವಾಗಿ ಅಳವಡಿಸಿಕೊಂಡು, ಅದರ ಅನುಭವವನ್ನು ಸರಳವಾಗಿ ಲೋಕಕ್ಕೆ ತಿಳಿಸಿದವರಲ್ಲಿ ಕಾಞಂಗಾಡಿನ ಸ್ವಾಮಿ ರಾಮದಾಸರು ಪ್ರಮುಖರು. ಭಕ್ತರು ಇವರನ್ನು ಪ್ರೀತಿಯಿಂದ ಪಪ್ಪಾ ಎಂದು ಕರೆಯುತ್ತಿದ್ದರು. ಛತ್ರಪತಿ ಶಿವಾಜಿಯ ಸಮಕಾಲೀನರಾಗಿದ್ದ, ಹದಿನೇಳನೆಯ ಶತಮಾನದ ಸಮರ್ಥ ರಾಮದಾಸರು ಬೇರೆ, ಇವರು ಬೇರೆ. ಆದರೆ ಇಬ್ಬರ ಸಾಧನೆಗೂ ಆಧಾರವಾದದ್ದು ಒಂದೇ ರಾಮಮಂತ್ರವೆಂಬುದು ಗಮನಾರ್ಹ ಸಂಗತಿ.

ಸ್ವಾಮಿ ರಾಮದಾಸರ ಪೂರ್ವಾಶ್ರಮದ ಬದುಕು ಗುಲ್ಬರ್ಗಾ (ಇಂದಿನ ಕಲಬುರಗಿ) ಮತ್ತು ಮಂಗಳೂರುಗಳೊಂದಿಗೆ ನಿಕಟವಾಗಿ ಬೆಸೆದುಕೊಂಡಿದೆ. ಇವರ ಮೊದಲ ಕೃತಿ ರಚನೆಯಾದದ್ದು ಮಂಗಳೂರಿನ ಕದ್ರಿ ಗುಡ್ಡದ ಗುಹೆಯೊಂದರಲ್ಲಿ. ಆದುದರಿಂದ ಇವರ ಜೀವನಚರಿತ್ರೆಯು ಕರ್ನಾಟಕದ ಧಾರ್ಮಿಕ ಇತಿಹಾಸದ ಭಾಗವೂ ಹೌದು.

ಜನನ ಮತ್ತು ವಿದ್ಯಾಭ್ಯಾಸ

ರಾಮದಾಸರ ಪೂರ್ವಾಶ್ರಮದ ಹೆಸರು ವಿಠಲರಾವ್. ಇವರು 1884ರ ಏಪ್ರಿಲ್ 10ರಂದು ಹೊಸದುರ್ಗದಲ್ಲಿ ಜನಿಸಿದರು. ತಂದೆ ಬಾಲಕೃಷ್ಣರಾವ್, ತಾಯಿ ಲಲಿತಾಬಾಯಿ. ದಂಪತಿಗಳಿಗೆ ಹದಿಮೂರು ಮಂದಿ ಮಕ್ಕಳು. ಮನೆಮಾತು ಕೊಂಕಣಿ. ಹೊಸದುರ್ಗವು ಕಾಞಂಗಾಡಿಗೆ ಸೇರಿಕೊಂಡಿರುವ ಊರು. ಕೆಳದಿಯ ನಾಯಕರು ಕಟ್ಟಿಸಿದ ಕೋಟೆಯಿಂದಾಗಿ ಊರಿಗೆ ಈ ಕನ್ನಡ ಹೆಸರು ಬಂದಿದೆ. ಅಂದು ಈ ಪ್ರದೇಶವು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ನಡೆದ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳ ರಾಜ್ಯಕ್ಕೆ ಸೇರಿತು. 1984ರಲ್ಲಿ ರಚನೆಯಾದ ಕಾಸರಗೋಡು ಜಿಲ್ಲೆಯ ವ್ಯಾಪ್ತಿಯಲ್ಲಿ ಇಂದು ಇದೆ.

ವಿಠಲರಾಯರಿಗೆ ಶಾಲೆಯ ಪಾಠಗಳಲ್ಲಿ ಅಷ್ಟಾಗಿ ಆಸಕ್ತಿ ಇರಲಿಲ್ಲ. ಆದರೆ ಪಠ್ಯದ ಹೊರಗಿನ ಪುಸ್ತಕಗಳನ್ನು, ವಿಶೇಷವಾಗಿ ಇಂಗ್ಲಿಷ್ ಸಾಹಿತ್ಯವನ್ನು, ಅವರು ವಿಪುಲವಾಗಿ ಓದುತ್ತಿದ್ದರು. ಮುಂದೆ ಇವರ ಬರವಣಿಗೆಯಲ್ಲಿ ಕಂಡುಬಂದ ಸರಳ, ಸುಲಲಿತ ಇಂಗ್ಲಿಷ್ ಶೈಲಿಗೆ ಈ ಓದೇ ಕಾರಣವಾಯಿತು. ಮದರಾಸಿನ ಕಲಾಶಾಲೆಯಲ್ಲಿ ಚಿತ್ರಕಲೆ ಮತ್ತು ಕೆತ್ತನೆಯನ್ನು ಕೆಲಕಾಲ ಅಭ್ಯಸಿಸಿದ ಬಳಿಕ, ಬೊಂಬಾಯಿಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಜವಳಿ ತಯಾರಿಕೆಯ ಶಿಕ್ಷಣವನ್ನು ಪಡೆದರು.

ಉದ್ಯೋಗ, ಸಂಸಾರ ಮತ್ತು ಸಂಕಷ್ಟ

ಶಿಕ್ಷಣದ ನಂತರ ವಿಠಲರಾಯರು ಗುಲ್ಬರ್ಗಾದ ಹತ್ತಿ ಗಿರಣಿಯಲ್ಲಿ ನೂಲುವ ವಿಭಾಗದ ಮೇಲ್ವಿಚಾರಕರಾಗಿ ಸೇವೆಗೆ ಸೇರಿದರು. 1908ರಲ್ಲಿ ರುಕ್ಮಾಬಾಯಿ ಅವರೊಂದಿಗೆ ವಿವಾಹವಾಯಿತು. 1913ರಲ್ಲಿ ರಮಾಬಾಯಿ ಎಂಬ ಮಗಳು ಜನಿಸಿದಳು. ಉದ್ಯೋಗ ಮಾತ್ರ ಒಂದೆಡೆ ನೆಲೆ ನಿಲ್ಲಲಿಲ್ಲ. ಒಂದು ಗಿರಣಿಯಿಂದ ಮತ್ತೊಂದಕ್ಕೆ, ಒಂದು ಊರಿನಿಂದ ಇನ್ನೊಂದಕ್ಕೆ ಅಲೆಯಬೇಕಾಯಿತು. ನಡುನಡುವೆ ನಿರುದ್ಯೋಗದ ದಿನಗಳೂ ಬಂದವು.

ಅಂತಿಮವಾಗಿ ಮಂಗಳೂರಿಗೆ ಬಂದು, ಮೊದಲು ಮಾವನವರ ವ್ಯಾಪಾರದಲ್ಲಿ ಭಾಗಿಯಾಗಿ, ಬಳಿಕ ಸೀರೆಗಳಿಗೆ ಬಣ್ಣ ಹಾಕುವ ಹಾಗೂ ಅಚ್ಚು ಒತ್ತುವ ಸ್ವಂತ ಉದ್ಯಮವನ್ನು ಆರಂಭಿಸಿದರು. ವೃತ್ತಿಯ ತಿಳುವಳಿಕೆ ಇದ್ದರೂ ವ್ಯಾಪಾರಕ್ಕೆ ಬೇಕಾದ ಲೆಕ್ಕಾಚಾರ ಇವರ ಸ್ವಭಾವದಲ್ಲಿ ಇರಲಿಲ್ಲ. ಉದ್ಯಮವು ನಷ್ಟಕ್ಕೆ ಸಿಲುಕಿತು, ಸಾಲ ಬೆಳೆಯಿತು, ಮನೆಯೊಳಗೂ ನೆಮ್ಮದಿ ಕಡಿಮೆಯಾಯಿತು. ಹೀಗೆ ಮೂವತ್ತೈದು ವರ್ಷ ದಾಟಿದ ಗೃಹಸ್ಥರೊಬ್ಬರು, ಸಾಮಾನ್ಯ ಜನರನೇಕರು ಎದುರಿಸುವಂತಹ ಸಂಕಟಗಳ ನಡುವೆಯೇ ರಾಮನಾಮವನ್ನು ಆಶ್ರಯಿಸಿದರು. ಸುಖದ ಬೇಸರದಿಂದಲ್ಲದೆ, ದಾರಿ ಕಾಣದ ಸ್ಥಿತಿಯಿಂದ ಇವರ ಸಾಧನೆ ಆರಂಭವಾಯಿತೆಂಬುದನ್ನು ಗಮನಿಸಬೇಕು.

ಮಂತ್ರೋಪದೇಶ

ಆರಂಭದಲ್ಲಿ ವಿಠಲರಾಯರು ರಾಮ ಎಂಬ ಎರಡಕ್ಷರಗಳನ್ನು ಮಾತ್ರ ಉಚ್ಚರಿಸುತ್ತಿದ್ದರು. ಉಚ್ಚರಿಸಿದಷ್ಟು ಹೊತ್ತು ಮನಸ್ಸಿಗೆ ಶಾಂತಿ ದೊರೆಯುತ್ತಿತ್ತು. ಬಿಡುವಿನ ವೇಳೆಯೆಲ್ಲ ಕ್ರಮೇಣ ಜಪಕ್ಕೆ ಮೀಸಲಾಯಿತು. ಮಗನಲ್ಲಾದ ಈ ಬದಲಾವಣೆಯನ್ನು ಕಂಡ ತಂದೆ ಬಾಲಕೃಷ್ಣರಾಯರು ತಾವೇ ರಾಮಮಂತ್ರವನ್ನು ಉಪದೇಶಿಸಿ, ಸದಾಕಾಲ ಅದನ್ನು ಜಪಿಸಿದಲ್ಲಿ ಶಾಶ್ವತವಾದ ಆನಂದ ಪ್ರಾಪ್ತವಾಗುವುದೆಂಬ ಭರವಸೆಯನ್ನಿತ್ತರು. ಅಂದಿನಿಂದ ವಿಠಲರಾಯರಿಗೆ ತಂದೆಯೇ ಗುರುವಾದರು.

ಉಪದೇಶವಾದ ಮಂತ್ರದಲ್ಲಿ ಇರುವುದು ಶ್ರೀ, ರಾಮ, ಜಯ ಎಂಬ ಮೂರೇ ಪದಗಳು. ಶ್ರೀ ಎಂಬುದು ಒಮ್ಮೆ, ರಾಮ ಎಂಬುದು ಮೂರು ಬಾರಿ, ಜಯ ಎಂಬುದು ಮೂರು ಬಾರಿ ಬರುವುದರಿಂದ ಒಟ್ಟು 13 ಅಕ್ಷರಗಳಾಗುತ್ತವೆ. ಆದುದರಿಂದ ಇದಕ್ಕೆ ತ್ರಯೋದಶಾಕ್ಷರೀ ಮಂತ್ರವೆಂಬ ಹೆಸರಿದೆ. ಸಮರ್ಥ ರಾಮದಾಸರ ಪರಂಪರೆಯಲ್ಲಿ ಇದೇ ಮಂತ್ರ ಪ್ರಚಲಿತವಾಗಿದೆ. ವಿಠಲರಾಯರು ಇದರ ಮೊದಲಿಗೆ ಓಂಕಾರವನ್ನು ಸೇರಿಸಿಕೊಂಡು ಜಪಿಸತೊಡಗಿದರು. ಓಂ ಎಂಬುದು ನಿರ್ಗುಣ ಸತ್ಯವನ್ನು, ಶ್ರೀ ಎಂಬುದು ದೈವೀ ಶಕ್ತಿಯನ್ನು, ರಾಮ ಎಂಬುದು ಸತ್ಯ ಹಾಗೂ ಶಕ್ತಿ ಎರಡನ್ನೂ ಒಳಗೊಂಡ ಪರಮಾತ್ಮನನ್ನು ಸೂಚಿಸುತ್ತದೆಂದು ಅವರು ಮುಂದೆ ವಿವರಿಸಿದ್ದಾರೆ.

ಜಪದೊಡನೆ ಜೀವನಕ್ರಮವೂ ಬದಲಾಯಿತು. ಆಹಾರ ಮಿತವಾಯಿತು, ಬಾಳೆಹಣ್ಣು ಮತ್ತು ಬೇಯಿಸಿದ ಆಲೂಗೆಡ್ಡೆಯೇ ಸಾಕೆನಿಸಿತು. ಹಾಸಿಗೆಯನ್ನು ಬಿಟ್ಟು ಚಾಪೆಯ ಮೇಲೆ ಮಲಗತೊಡಗಿದರು. ರಾತ್ರಿಯ ನಿದ್ರೆ ಕಡಿಮೆಯಾಗಿ ಜಪದ ಕಾಲ ಹೆಚ್ಚಿತು. ಭಗವದ್ಗೀತೆ, ಬುದ್ಧನ ಚರಿತ್ರೆ, ಏಸುವಿನ ಬೋಧನೆ ಹಾಗೂ ಮಹಾತ್ಮ ಗಾಂಧಿಯವರ ಬರಹಗಳನ್ನು ಇದೇ ಅವಧಿಯಲ್ಲಿ ಶ್ರದ್ಧೆಯಿಂದ ಓದಿದರು.

ಗೃಹತ್ಯಾಗ

1922ರ ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ವಿಠಲರಾಯರು ಮಂಗಳೂರಿನ ಮನೆಯನ್ನು ತ್ಯಜಿಸಿದರು. ಹೊರಡುವ ಮುನ್ನ ಎರಡು ಪತ್ರಗಳನ್ನು ಬರೆದಿಟ್ಟರು. ಒಂದು ಪತ್ನಿಗೆ, ಮತ್ತೊಂದು ತಮ್ಮ ಸಾಲದ ಹೊರೆಯಿಂದ ಬಿಡುಗಡೆ ದೊರಕಿಸಲು ನೆರವಾಗುತ್ತಿದ್ದ ಸ್ನೇಹಿತರಿಗೆ. ಕೈಯಲ್ಲಿದ್ದುದು 25 ರೂಪಾಯಿ ಮತ್ತು ಕೆಲವು ಪುಸ್ತಕಗಳು ಮಾತ್ರ. ಆಗ ಮಗಳಿಗೆ ಒಂಬತ್ತು ವರ್ಷ ವಯಸ್ಸು. ಈ ತ್ಯಾಗದ ಭಾರವನ್ನು ಹೊರಟವರಷ್ಟೇ ಮನೆಯಲ್ಲಿ ಉಳಿದವರೂ ಹೊರಬೇಕಾಯಿತೆಂಬುದನ್ನು ಮರೆಯಲಾಗದು.

ರೈಲಿನಲ್ಲಿ ಈರೋಡು, ತಿರುಚಿರಾಪಳ್ಳಿಗಳ ಮಾರ್ಗವಾಗಿ ಶ್ರೀರಂಗವನ್ನು ತಲುಪಿ, ಕಾವೇರಿಯಲ್ಲಿ ಸ್ನಾನ ಮಾಡಿ, ಕಾವಿ ಬಣ್ಣದ ವಸ್ತ್ರವನ್ನು ಧರಿಸಿದರು. ಅಲ್ಲಿಂದ ಮುಂದೆ ರಾಮದಾಸ ಎಂಬ ಹೆಸರಿನಿಂದ ಗುರುತಿಸಿಕೊಂಡರು. ಸಂಪ್ರದಾಯದಂತೆ ಮಠಾಧಿಪತಿಯೊಬ್ಬರಿಂದ ಸನ್ಯಾಸ ದೀಕ್ಷೆಯನ್ನು ಪಡೆಯದೆ, ರಾಮನನ್ನೇ ಸಾಕ್ಷಿಯಾಗಿಸಿಕೊಂಡು ತಾವೇ ಸ್ವೀಕರಿಸಿದ ವ್ರತವಿದು. ನಾನು ಎಂಬ ಪದವನ್ನು ಬಿಟ್ಟು, ತಮ್ಮನ್ನು ಕುರಿತು ರಾಮದಾಸ ಎಂದೇ ಮಾತನಾಡುವ ರೂಢಿಯನ್ನು ಇವರು ಜೀವನಪರ್ಯಂತ ಪಾಲಿಸಿದರು. ಬರವಣಿಗೆಯಲ್ಲೂ ಇದೇ ಕ್ರಮವಿದೆ.

ಅರುಣಾಚಲದ ಗುಹೆಯಲ್ಲಿ

ದಕ್ಷಿಣದ ಹಲವು ಕ್ಷೇತ್ರಗಳನ್ನು ಸಂದರ್ಶಿಸಿ ರಾಮದಾಸರು ತಿರುವಣ್ಣಾಮಲೆಯನ್ನು ತಲುಪಿದರು. ಅಲ್ಲಿ ಶ್ರೀ ರಮಣ ಮಹರ್ಷಿಗಳ ದರ್ಶನವಾಯಿತು. ಮಹರ್ಷಿಗಳ ದೃಷ್ಟಿಯೊಂದೇ ತಮಗೆ ಅನುಗ್ರಹವಾಯಿತೆಂದು ರಾಮದಾಸರು ಭಾವಿಸಿದರು. ಅನಂತರ ಅರುಣಾಚಲ ಬೆಟ್ಟದ ಗುಹೆಯೊಂದರಲ್ಲಿ ಸುಮಾರು ಮೂರು ವಾರಗಳ ಕಾಲ ಏಕಾಂತದಲ್ಲಿದ್ದು, ಹಗಲಿರುಳು ಜಪದಲ್ಲಿ ನಿರತರಾದರು. ಭಿಕ್ಷೆಯಿಂದ ದೊರೆತ ಅಕ್ಕಿಯಿಂದ ಮಾಡಿದ ಉಪ್ಪಿಲ್ಲದ ಅನ್ನವೇ ಆಹಾರವಾಗಿತ್ತು.

ಈ ಅವಧಿಯ ಕೊನೆಯಲ್ಲಿ ಅವರಿಗೆ ಕಂಡದ್ದೆಲ್ಲವೂ ರಾಮಮಯವಾಗಿ ಗೋಚರಿಸಿತು. ಮನುಷ್ಯರು, ಪ್ರಾಣಿಗಳು, ಮರಗಳು ಯಾವುವೂ ತಮಗಿಂತ ಭಿನ್ನವಲ್ಲವೆಂಬ ಅನುಭವವಾಯಿತು. ಇದನ್ನು ತಮ್ಮ ಜೀವನದ ಪ್ರಮುಖ ತಿರುವೆಂದು ಅವರು ಪರಿಗಣಿಸಿದ್ದಾರೆ.

ಭಾರತ ಪರ್ಯಟನೆ

ತಿರುವಣ್ಣಾಮಲೆಯಿಂದ ಉತ್ತರಾಭಿಮುಖವಾಗಿ ಹೊರಟ ರಾಮದಾಸರು ತಿರುಪತಿ, ಪುರಿ ಜಗನ್ನಾಥ, ಕಲ್ಕತ್ತೆಯ ದಕ್ಷಿಣೇಶ್ವರ, ಕಾಶಿ, ಅಯೋಧ್ಯೆ, ಹರಿದ್ವಾರ, ಕೇದಾರ, ಬದರಿ, ಮಥುರೆ, ವೃಂದಾವನ, ದ್ವಾರಕೆ ಮೊದಲಾದ ಕ್ಷೇತ್ರಗಳನ್ನು ಸಂದರ್ಶಿಸಿದರು. ಕೈಯಲ್ಲಿ ಹಣವಿಲ್ಲದೆ ಕೆಲವೊಮ್ಮೆ ಸಾಧುಗಳ ಜೊತೆಯಲ್ಲಿ, ಕೆಲವೊಮ್ಮೆ ಒಂಟಿಯಾಗಿ ಸಂಚಾರ ನಡೆಯಿತು. ಟಿಕೇಟಿಲ್ಲದೆ ಪಯಣಿಸುತ್ತಿದ್ದ ಸಾಧುಗಳನ್ನು ರೈಲ್ವೆ ಸಿಬ್ಬಂದಿ ನಡುವಿನ ನಿಲ್ದಾಣಗಳಲ್ಲಿ ಇಳಿಸುತ್ತಿದ್ದ ಸಂದರ್ಭಗಳು ಉಂಟು. ಇಳಿಸಿದವರಲ್ಲೂ ಊಟವಿತ್ತವರಲ್ಲೂ ಒಬ್ಬನೇ ರಾಮನನ್ನು ಕಾಣುವುದೇ ಇವರ ಅಭ್ಯಾಸವಾಗಿತ್ತು. ಗುಹೆಯ ಮೌನದಲ್ಲಿ ಸಾಧಿಸಿದ ಜಪವು ಜನಸಂದಣಿ, ಹಸಿವು, ಅವಮಾನಗಳ ನಡುವೆಯೂ ನಿಲ್ಲುವುದೇ ಎಂಬುದಕ್ಕೆ ಈ ಪ್ರವಾಸವೇ ಪರೀಕ್ಷೆಯಾಯಿತು.

ಬೊಂಬಾಯಿ, ಪಂಢರಪುರ ಹಾಗೂ ಬಿಜಾಪುರ (ಇಂದಿನ ವಿಜಯಪುರ) ಮಾರ್ಗವಾಗಿ ಹುಬ್ಬಳ್ಳಿಗೆ ಬಂದು, ಶ್ರೀ ಸಿದ್ಧಾರೂಢ ಸ್ವಾಮಿಗಳ ಮಠದಲ್ಲಿ ತಂಗಿದರು. ಅಲ್ಲಿಂದ ಮಂಗಳೂರಿಗೆ ಮರಳಿದರೂ ಮತ್ತೆ ಸಂಸಾರವನ್ನು ಪ್ರವೇಶಿಸದೆ, ಕದ್ರಿ ಗುಡ್ಡದ ಮೇಲಿರುವ ಪಂಚಪಾಂಡವ ಗುಹೆಯಲ್ಲಿ ನೆಲೆಸಿದರು. ತಾವು ಬಿಟ್ಟುಹೋದ ಊರಿನಲ್ಲಿಯೇ, ಪರಿಚಿತರ ಕಣ್ಣೆದುರಿನಲ್ಲಿಯೇ ಭಿಕ್ಷುವಾಗಿ ವಾಸಿಸುವುದು ಸುಲಭದ ಸಂಗತಿಯಾಗಿರಲಿಲ್ಲ.

ಈ ಗುಹೆಯಲ್ಲಿಯೇ ತಮ್ಮ ಪ್ರವಾಸದ ಅನುಭವಗಳನ್ನು ಇಂಗ್ಲಿಷಿನಲ್ಲಿ ಬರೆದರು. ಈ ಬರಹವು ‘ಇನ್ ಕ್ವೆಸ್ಟ್ ಆಫ್ ಗಾಡ್’ ಎಂಬ ಹೆಸರಿನಲ್ಲಿ 1925ರಲ್ಲಿ ಪ್ರಕಟವಾಯಿತು. ನಂತರದ ಸಂಚಾರಗಳ ವೃತ್ತಾಂತವು ‘ಇನ್ ದಿ ವಿಷನ್ ಆಫ್ ಗಾಡ್’ ಎಂಬ ಕೃತಿಯಲ್ಲಿದೆ. ಪಾಂಡಿತ್ಯದ ಪ್ರದರ್ಶನವಾಗಲಿ, ಪವಾಡಗಳ ವರ್ಣನೆಯಾಗಲಿ ಇಲ್ಲದಿರುವುದು ಈ ಕೃತಿಗಳ ವೈಶಿಷ್ಟ್ಯ.

ಆಶ್ರಮಗಳ ಸ್ಥಾಪನೆ

1928ರಲ್ಲಿ ಕಾಸರಗೋಡಿನ ಪಿಲಿಕುಂಜೆಯಲ್ಲಿ ರಾಮದಾಸರ ಮೊದಲ ಆಶ್ರಮ ಸ್ಥಾಪನೆಯಾಯಿತು. ಅದೇ ವರ್ಷ ಕೃಷ್ಣಾಬಾಯಿ ಎಂಬ ಯುವ ವಿಧವೆ ಆಶ್ರಮಕ್ಕೆ ಬಂದರು. 1903ರಲ್ಲಿ ಜನಿಸಿದ ಇವರು ಎಳೆಯ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡು, ಇಬ್ಬರು ಗಂಡುಮಕ್ಕಳೊಂದಿಗೆ ತೀವ್ರ ದುಃಖವನ್ನು ಅನುಭವಿಸಿದ್ದರು. ರಾಮದಾಸರಿಂದ ಮಂತ್ರೋಪದೇಶವನ್ನು ಪಡೆದು, ಅಲ್ಪಕಾಲದಲ್ಲಿಯೇ ಸಾಧನೆಯಲ್ಲಿ ಬಹಳ ಮುಂದುವರಿದರು. ಮುಂದೆ ಇವರು ಮಾತಾಜಿ ಕೃಷ್ಣಾಬಾಯಿ ಎಂದು ಪ್ರಸಿದ್ಧರಾದರು.

ವಿಧವೆಯೊಬ್ಬರು ಆಶ್ರಮದಲ್ಲಿ ಇರುವುದನ್ನು ಅಂದಿನ ಸಮಾಜದ ಕೆಲವರು ಒಪ್ಪಲಿಲ್ಲ. ನಿಂದೆ, ವಿರೋಧಗಳು ಹೆಚ್ಚಿದವು, ಆಶ್ರಮದ ಮೇಲೆ ದುಷ್ಕರ್ಮಿಗಳ ಉಪಟಳವೂ ನಡೆಯಿತು. ಮಾತಾಜಿಯವರನ್ನು ದೂರ ಕಳುಹಿಸಿ ಜನಾಭಿಪ್ರಾಯವನ್ನು ಸಮಾಧಾನಪಡಿಸುವ ದಾರಿಯನ್ನು ರಾಮದಾಸರು ಹಿಡಿಯಲಿಲ್ಲ. ಕಟ್ಟಿದ ಆಶ್ರಮವನ್ನೇ ಬಿಟ್ಟು ಹೊರನಡೆದರು. ಕೇಡು ಬಗೆದವರ ಬಗ್ಗೆ ದ್ವೇಷವನ್ನೂ ತಾಳಲಿಲ್ಲ. ನಾಮಜಪವು ಕೇವಲ ನಾಲಿಗೆಯ ಅಭ್ಯಾಸವೋ, ನಡತೆಯನ್ನು ಬದಲಿಸುವ ಸಾಧನವೋ ಎಂಬ ಪ್ರಶ್ನೆಗೆ ಈ ಪ್ರಸಂಗವು ಉತ್ತರ ನೀಡುತ್ತದೆ.

1931ರ ಮೇ 15ರಂದು ಕಾಞಂಗಾಡಿನ ರಾಮನಗರದಲ್ಲಿ ಗುಡ್ಡದ ತಪ್ಪಲಿನ ಪ್ರಶಾಂತ ಸ್ಥಳದಲ್ಲಿ ಆನಂದಾಶ್ರಮ ಪ್ರಾರಂಭವಾಯಿತು. ಜಾತಿ, ಮತ, ಲಿಂಗ, ದೇಶಗಳ ಭೇದವಿಲ್ಲದೆ ಎಲ್ಲರಿಗೂ ಪ್ರವೇಶ ದೊರೆಯಿತು. ಭಜನೆ ಹಾಗೂ ಜಪದ ಜೊತೆಗೆ ಸುತ್ತಲಿನ ಬಡ ಜನರಿಗಾಗಿ ಶಾಲೆ, ಔಷಧಾಲಯ ಮತ್ತು ನೇಯ್ಗೆಯ ಕೇಂದ್ರಗಳು ಮಾತಾಜಿಯವರ ಮುತುವರ್ಜಿಯಿಂದ ಆರಂಭವಾದವು. 1933ರಿಂದ ‘ದಿ ವಿಷನ್’ ಎಂಬ ಇಂಗ್ಲಿಷ್ ಮಾಸಪತ್ರಿಕೆಯ ಪ್ರಕಟಣೆಯೂ ಪ್ರಾರಂಭವಾಯಿತು.

ಜಪವಿಧಾನದ ಕುರಿತು

ಶಾಸ್ತ್ರಗಳಲ್ಲಿ ಜಪವನ್ನು ಮೂರು ವಿಧವಾಗಿ ವಿಂಗಡಿಸಲಾಗಿದೆ. ಇತರರಿಗೆ ಕೇಳುವಂತೆ ಉಚ್ಚರಿಸುವುದು ವಾಚಿಕ. ತುಟಿಗಳು ಅಲುಗಿದರೂ ಬಳಿಯಲ್ಲಿರುವವರಿಗೆ ಕೇಳಿಸದಂತೆ ಉಚ್ಚರಿಸುವುದು ಉಪಾಂಶು. ಮನಸ್ಸಿನೊಳಗೇ ನಡೆಯುವುದು ಮಾನಸಿಕ. ಮನುಸ್ಮೃತಿಯು ಉಪಾಂಶು ಜಪವನ್ನು ಯಜ್ಞಕ್ಕಿಂತ ನೂರು ಪಟ್ಟು, ಮಾನಸಿಕ ಜಪವನ್ನು ಸಾವಿರ ಪಟ್ಟು ಶ್ರೇಷ್ಠವೆಂದು ಹೇಳುತ್ತದೆ. ಎಣಿಕೆಗಾಗಿ 108 ಮಣಿಗಳ ಜಪಮಾಲೆಯನ್ನು ಬಳಸುವುದು ರೂಢಿ.

ರಾಮದಾಸರ ಬೋಧನೆಯ ಮುಖ್ಯಾಂಶಗಳನ್ನು ಈ ಕೆಳಗಿನಂತೆ ಸಂಗ್ರಹಿಸಬಹುದು:

1. ನಾಮಕ್ಕೂ ನಾಮಿಗೂ, ಅಂದರೆ ದೇವರ ಹೆಸರಿಗೂ ದೇವರಿಗೂ ಭೇದವಿಲ್ಲ. ಶ್ರದ್ಧೆಯಿಂದ ಉಚ್ಚರಿಸಿದ ನಾಮವೇ ದೇವರ ಸಾನ್ನಿಧ್ಯ.

2. ಮನಸ್ಸು ಚಂಚಲವಾಗಿರುವ ಆರಂಭದ ಹಂತದಲ್ಲಿ ಗಟ್ಟಿಯಾಗಿ ಉಚ್ಚರಿಸಿ, ತನ್ನ ಧ್ವನಿಯನ್ನೇ ತಾನು ಆಲಿಸುವುದು ಸಹಾಯಕ. ಏಕಾಗ್ರತೆ ಬೆಳೆದಂತೆ ಜಪವು ಸಹಜವಾಗಿ ಅಂತರ್ಮುಖವಾಗುತ್ತದೆ.

3. ಜಪಕ್ಕೆ ನಿಗದಿತ ಸ್ಥಳ, ಸಮಯಗಳ ಕಟ್ಟುಪಾಡಿಲ್ಲ. ಕೆಲಸ ಮಾಡುವಾಗ, ನಡೆಯುವಾಗ, ಪ್ರಯಾಣಿಸುವಾಗಲೂ ಮುಂದುವರಿಸಬಹುದು.

4. ನಾಮದ ಜೊತೆಗೆ ದೇವರ ದಯೆ, ಪ್ರೇಮ, ಶಾಂತಿ ಮೊದಲಾದ ಗುಣಗಳ ಚಿಂತನೆಯೂ ಇರಬೇಕು. ಆಗ ಜಪವು ಧ್ಯಾನವಾಗುತ್ತದೆ.

5. ಯಾವ ಧರ್ಮದವರು ಯಾವ ಹೆಸರಿನಿಂದ ದೇವರನ್ನು ಕರೆದರೂ ಗುರಿ ಒಂದೇ. ತಮ್ಮ ತಮ್ಮ ಸಂಪ್ರದಾಯದ ನಾಮವನ್ನು ಬಿಡುವ ಅಗತ್ಯವಿಲ್ಲ.

6. ಜಪದ ಫಲವು ಸಹಜೀವಿಗಳ ಮೇಲಿನ ಪ್ರೀತಿ ಹಾಗೂ ಸೇವೆಯ ರೂಪದಲ್ಲಿ ವ್ಯಕ್ತವಾಗಬೇಕು.

ಸಾಧನೆಗಾಗಿ ಮನೆಯನ್ನು ತೊರೆಯಬೇಕೆಂಬ ನಿಯಮವನ್ನು ರಾಮದಾಸರು ವಿಧಿಸಲಿಲ್ಲ. ತಾವು ಮನೆಬಿಟ್ಟವರಾದರೂ, ತಮ್ಮ ಬಳಿಗೆ ಬಂದ ಗೃಹಸ್ಥರಿಗೆ ಕರ್ತವ್ಯಗಳನ್ನು ನಿರ್ವಹಿಸುತ್ತಲೇ ನಾಮಸ್ಮರಣೆ ಮಾಡಲು ತಿಳಿಸುತ್ತಿದ್ದರು.

ವಿದೇಶ ಪ್ರವಾಸ ಮತ್ತು ಕೊನೆಯ ದಿನಗಳು

1954ರ ಆಗಸ್ಟ್ ತಿಂಗಳಿನಿಂದ 1955ರ ಜನವರಿಯವರೆಗೆ ರಾಮದಾಸರು ಮಾತಾಜಿ ಕೃಷ್ಣಾಬಾಯಿ ಹಾಗೂ ಶಿಷ್ಯ ಸ್ವಾಮಿ ಸಚ್ಚಿದಾನಂದರೊಂದಿಗೆ ವಿಶ್ವಪರ್ಯಟನೆಯನ್ನು ಕೈಗೊಂಡರು. ಯುರೋಪ್, ಅಮೆರಿಕ, ಜಪಾನ್ ಮೊದಲಾದೆಡೆ ಉಪನ್ಯಾಸಗಳನ್ನು ನೀಡಿ, ವಿವಿಧ ಧರ್ಮಗಳ ಸಾಧಕರನ್ನು ಭೇಟಿಯಾದರು. ಇಡೀ ಜಗತ್ತೇ ದೇವರ ರೂಪವೆಂಬ ತಮ್ಮ ಅನುಭವವನ್ನು ಎಲ್ಲೆಡೆ ಹಂಚಿಕೊಂಡರು. ಈ ಪ್ರವಾಸದ ವಿವರಗಳು ‘ವರ್ಲ್ಡ್ ಈಸ್ ಗಾಡ್’ ಎಂಬ ಗ್ರಂಥದಲ್ಲಿವೆ. ಅಂದು 25 ರೂಪಾಯಿಯೊಂದಿಗೆ ಮಂಗಳೂರಿನಿಂದ ಹೊರಟ ವ್ಯಕ್ತಿ, ಮೂರು ದಶಕಗಳ ನಂತರ ಅದೇ ಮಂತ್ರವನ್ನು ಉಚ್ಚರಿಸುತ್ತ ಭೂಮಿಯನ್ನು ಸುತ್ತಿ ಬಂದರು.

ಇವರಿಂದ ಉಪದೇಶ ಪಡೆದವರಲ್ಲಿ, ಮುಂದೆ ತಿರುವಣ್ಣಾಮಲೆಯಲ್ಲಿ ನೆಲೆಸಿ ಪ್ರಸಿದ್ಧರಾದ ಯೋಗಿ ರಾಮಸೂರತ್‌ಕುಮಾರರು ಉಲ್ಲೇಖಾರ್ಹರು. ಇವರಿಗೆ 1952ರಲ್ಲಿ ಆನಂದಾಶ್ರಮದಲ್ಲಿ ರಾಮಮಂತ್ರದ ಉಪದೇಶವಾಯಿತು.

1963ರ ಜುಲೈ 25ರಂದು ಸ್ವಾಮಿ ರಾಮದಾಸರು ಆನಂದಾಶ್ರಮದಲ್ಲಿ ದೇಹತ್ಯಾಗ ಮಾಡಿದರು. ಆಗ ಅವರಿಗೆ 79 ವರ್ಷ ವಯಸ್ಸಾಗಿತ್ತು. ಬಳಿಕ ಮಾತಾಜಿ ಕೃಷ್ಣಾಬಾಯಿಯವರು ಆಶ್ರಮದ ಹೊಣೆಯನ್ನು ಹೊತ್ತು, ವಿಶ್ವಶಾಂತಿಗಾಗಿ 15,500 ಕೋಟಿ ರಾಮನಾಮ ಜಪದ ಸಂಕಲ್ಪವನ್ನು ಕೈಗೊಂಡರು. ಒಬ್ಬ ವ್ಯಕ್ತಿಯಿಂದ ಎಷ್ಟು ಜನ್ಮಗಳಲ್ಲೂ ಪೂರೈಸಲಾಗದ ಈ ಸಂಖ್ಯೆಯು, ಅನೇಕ ಊರುಗಳ ಅಸಂಖ್ಯ ಭಕ್ತರು ತಮ್ಮ ತಮ್ಮ ಮನೆಗಳಲ್ಲಿಯೇ ಜಪಿಸಿ ಒಟ್ಟುಗೂಡಿಸಲೆಂದು ಗೊತ್ತುಪಡಿಸಿದ್ದಾಗಿತ್ತು. ಮಾತಾಜಿಯವರು 1989ರ ಫೆಬ್ರವರಿ 12ರಂದು, ಅವರ ನಂತರ ಆಶ್ರಮವನ್ನು ಮುನ್ನಡೆಸಿದ ಸ್ವಾಮಿ ಸಚ್ಚಿದಾನಂದರು 2008ರಲ್ಲಿ ನಿಧನರಾದರು.

ಸಂದರ್ಶಕರ ಗಮನಕ್ಕೆ

ಕಾಞಂಗಾಡು ಪಟ್ಟಣವು ಮಂಗಳೂರಿನ ದಕ್ಷಿಣಕ್ಕೆ, ಮಂಗಳೂರು–ಶೊರನೂರು ರೈಲು ಮಾರ್ಗದಲ್ಲಿದೆ. ಆನಂದಾಶ್ರಮವು ಕಾಞಂಗಾಡು ರೈಲು ನಿಲ್ದಾಣದ ಪೂರ್ವಕ್ಕೆ ಕೆಲವು ಕಿಲೋಮೀಟರ್ ದೂರದಲ್ಲಿದೆ. ರಾಮದಾಸರು ತಮ್ಮ ಮೊದಲ ಕೃತಿಯನ್ನು ಬರೆದ ಪಂಚಪಾಂಡವ ಗುಹೆಯು ಮಂಗಳೂರಿನ ಕದ್ರಿ ಶ್ರೀ ಮಂಜುನಾಥೇಶ್ವರ ದೇವಸ್ಥಾನದ ಸಮೀಪದ ಗುಡ್ಡದ ಮೇಲಿದೆ. ದೇವಸ್ಥಾನಕ್ಕೆ ಭೇಟಿ ನೀಡುವ ಭಕ್ತಾದಿಗಳು ಈ ಸ್ಥಳವನ್ನೂ ಸಂದರ್ಶಿಸಬಹುದಾಗಿದೆ. ಗುಹೆಯ ಪರಿಸರದ ಶುಚಿತ್ವ ಮತ್ತು ಮೌನವನ್ನು ಕಾಪಾಡುವುದು ಪ್ರತಿಯೊಬ್ಬ ಸಂದರ್ಶಕರ ಕರ್ತವ್ಯವಾಗಿದೆ.